ನಲ್ಲಿಗಾಗಿ ಟ್ಯಾಂಕ್ ಗುಡ್ಡ ಹತ್ತಿದ್ದು

ನೀರಿನ ಕನೆಕ್ಷನ್‌ಗೆ ಅರ್ಜಿ ಹಾಕಬೇಕು ಅಂತ ಹೊರಟ ದಿನ ನಾನು ಮೊದಲು ಹೋಗಿ ನಿಂತದ್ದು ಆಫೀಸಿನ ಮುಂದೆ ಅಲ್ಲ, ನೀರಿನ ಟ್ಯಾಂಕಿನ ಪಕ್ಕ. ಅರ್ಜಿ ಈಗ ಆನ್‌ಲೈನ್. ಅದಕ್ಕೆ ಮೊಬೈಲ್‌ಗೆ ಒಟಿಪಿ ಬರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಇರುವುದು ಮನೆಯಿಂದ ನೂರಿಪ್ಪತ್ತು ಮೀಟರ್ ದೂರ, ಸ್ವಲ್ಪ ಮೇಲೆ, ಊರಿನವರೆಲ್ಲ ಟ್ಯಾಂಕ್ ಗುಡ್ಡ ಅಂತ ಕರೆಯುವ ಜಾಗದಲ್ಲಿ, ಅದೂ ಟ್ಯಾಂಕಿನ ಪೂರ್ವದ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಮಾತ್ರ.

ಕೊಡಗಿನ ಒಂದು ಸಣ್ಣ ಪಟ್ಟಣ ನಮ್ಮದು. ಹೆಸರು ಬೇಡ ಬಿಡಿ, ನಾಳೆ ಅದೇ ಆಫೀಸಿಗೆ ಮತ್ತೆ ಹೋಗಬೇಕಲ್ವಾ. ಪೇಟೆ ಗುಡ್ಡದ ಆ ಕಡೆ, ನಾವು ಈ ಕಡೆ. ಆರು ಸೆಂಟ್ ಜಾಗ, ಅಪ್ಪ ಕಟ್ಟಿಸಿದ ಹೆಂಚಿನ ಮನೆ, ಹಿಂದೆ ಸಿಲ್ವರ್ ಓಕ್ ಮರಗಳು, ಅದಕ್ಕೆ ಹಬ್ಬಿಸಿದ ಕರಿಮೆಣಸು. ಪೇಟೆಯಲ್ಲಿರುವ ಮೊಬೈಲ್ ಟವರ್ ನಮ್ಮ ಪಾಲಿಗೆ ಗುಡ್ಡದ ಬೆನ್ನ ಹಿಂದೆ ಅಡಗಿದೆ. ಕೇಬಲ್‌ನವರ ಇಂಟರ್ನೆಟ್ ಮನೆಗೆ ಬಂದಿದೆ, ಅದರಿಂದಲೇ ನಾನು ಅಂಗಡಿಯವರ, ತೋಟದವರ ಲೆಕ್ಕ ಬರೆದು ಜಿಎಸ್‌ಟಿ ತುಂಬುವ ಕೆಲಸ ಮಾಡುತ್ತೇನೆ. ಆದರೆ ಒಟಿಪಿ ಆ ವೈರಿನಲ್ಲಿ ಬರೋದಿಲ್ಲ. ಅದು ಸಿಮ್‌ಗೇ ಬರಬೇಕು.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ವ್ಯವಸ್ಥೆ ಇದೆ. ಮಗಳು ಲ್ಯಾಪ್‌ಟಾಪ್ ಮುಂದೆ ಕೂರುತ್ತಾಳೆ. ನಾನು ಟ್ಯಾಂಕ್ ಹತ್ತಿರ ಫೋನ್ ಹಿಡಿದು ನಿಲ್ಲುತ್ತೇನೆ. ಅವ್ವ ಮಧ್ಯದಲ್ಲಿ, ಹಲಸಿನ ಮರದ ಕೆಳಗೆ. ನಂಬರ್ ಬಂದ ಕೂಡಲೇ ನಾನು ಒಂದೊಂದೇ ಅಂಕಿ ಕೂಗುತ್ತೇನೆ, ಅವ್ವ ಅದನ್ನು ಹಿಡಿದು ಮನೆ ಕಡೆಗೆ ಕೂಗುತ್ತಾರೆ. ಮೊದಲು ಇಂಗ್ಲಿಷಿನಲ್ಲಿ ಕೂಗುತ್ತಿದ್ದೆ, ಗಾಳಿ ಇದ್ದರೆ ಫೈವ್ ಯಾವುದು ನೈನ್ ಯಾವುದು ಅಂತ ಗೊತ್ತೇ ಆಗುತ್ತಿರಲಿಲ್ಲ. ಕನ್ನಡದಲ್ಲಿ ಐದು, ಒಂಬತ್ತು ಅಂದರೆ ಆ ಗೊಂದಲ ಇಲ್ಲ. ಸುತ್ತಲಿನ ನಾಲ್ಕು ಮನೆಯವರಿಗೆ ನನ್ನ ಒಟಿಪಿ ಕೇಳಿಸುತ್ತದೆ ಅನ್ನೋದು ಬೇರೆ ಮಾತು. ಯಾರಿಗೂ ಹೇಳಬೇಡಿ ಅಂತ ಅದರ ಕೆಳಗೇ ಬರೆದಿರುತ್ತದೆ.

ಆ ದಿನ ಮೂರನೇ ಸಲಕ್ಕೆ ಸರಿಯಾಯಿತು. ಅರ್ಜಿ ಹೋಯಿತು.

ಈಗ ಇದ್ದಕ್ಕಿದ್ದಂತೆ ನಲ್ಲಿ ಯಾಕೆ ಬೇಕಾಯಿತು ಅಂತ ಹೇಳುತ್ತೇನೆ. ನಮ್ಮದು ಬಾವಿ. ಮಳೆಗಾಲದಲ್ಲಿ ಕೈಯಲ್ಲಿ ಮೊಗೆಯುವಷ್ಟು ಮೇಲೆ ಬರುತ್ತದೆ, ಆದರೆ ಕೆಂಪು ನೀರು. ಹುತ್ತರಿ ಹಬ್ಬದ ಹೊತ್ತಿಗೆ, ಅಂದರೆ ನವೆಂಬರ್-ಡಿಸೆಂಬರ್ ಹೊತ್ತಿಗೆ, ತಿಳಿಯಾಗುತ್ತದೆ. ಮಾರ್ಚ್ ಬಂದರೆ ಬುಡದಲ್ಲಿ ಕೊಡ ಮುಳುಗೋದಿಲ್ಲ. ಮೊದಲು ಏಪ್ರಿಲ್ ಕೊನೆವರೆಗೂ ಇರುತ್ತಿತ್ತು, ಸುತ್ತ ಬೋರ್‌ವೆಲ್ ಆದ ಮೇಲೆ ಒಂದು ತಿಂಗಳು ಮುಂಚೆಯೇ ಕೈ ಕೊಡುತ್ತಿದೆ. ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ನಿಮಗೆ ನೀರಿಲ್ವಾ ಅಂತ. ನೀರು ಇದೆ ಮಾರಾಯ್ರೇ. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಆದರೆ ಹೊಳೆ ಇರುವುದು ಕೆಳಗೆ, ನಾವಿರುವುದು ಮೇಲೆ. ಅದೇ ಕಾವೇರಿಯನ್ನು ಅವರಿಗೆ ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ಕೊಡುತ್ತಾರೆ. ನಮ್ಮ ಪಟ್ಟಣ ಪಂಚಾಯಿತಿಯ ಕೈಯಲ್ಲಿ ಇರುವುದು ಎರಡು ಪಂಪು, ಅದರಲ್ಲಿ ಒಂದು ಯಾವಾಗಲೂ ರಿಪೇರಿ.

ಕಾಗದ ಪತ್ರದ ಕಥೆ ಜಾಸ್ತಿ ಎಳೆಯುವುದಿಲ್ಲ. ಖಾತೆ ಅಪ್ಪನ ಹೆಸರಿನಲ್ಲೇ ಇತ್ತು, ಅಪ್ಪ ಹೋಗಿ ನಾಲ್ಕು ವರ್ಷ. ಮರಣ ಪ್ರಮಾಣಪತ್ರ, ವಂಶವೃಕ್ಷ, ತಂಗಿಯ ಒಪ್ಪಿಗೆ ಪತ್ರ, ಕಂದಾಯ ಕಟ್ಟಿದ ರಸೀದಿ. ಖಾತೆಯ ದಾಖಲೆಯಾದ ನಮೂನೆ-3 ಕೈಗೆ ಬರಲು ಒಂದೂವರೆ ತಿಂಗಳು. ನಮ್ಮದು ಜಮ್ಮಾ ಬಾಣೆ (ಕೊಡಗಿನಲ್ಲಿ ಹಿಂದಿನಿಂದ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ತಕರಾರಿನ ಜಾಗ ಅಲ್ಲ, ಅದೊಂದು ಪುಣ್ಯ. ಇಲ್ಲದಿದ್ದರೆ ಈ ಬರಹ ಇನ್ನು ಹತ್ತು ವರ್ಷ ಬಿಟ್ಟು ಬರುತ್ತಿತ್ತೇನೋ.

ಆನ್‌ಲೈನ್ ಅರ್ಜಿ ಹಾಕಿದ ಮೇಲೂ ಅದರ ಪ್ರಿಂಟ್ ತೆಗೆದು ಆಫೀಸಿಗೆ ಕೊಡಬೇಕು. ಯಾಕೆ ಅಂತ ಕೇಳಬೇಡಿ. ಕೊಟ್ಟೆ. ಟಪಾಲಿನಲ್ಲಿ ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆ, ಸರ್ಕಾರಿ ಸೇವೆ ಇಂತಿಷ್ಟು ದಿನದೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆಯ ಹದಿನೈದು ಅಂಕಿಯ ಚೀಟಿಯನ್ನೂ ಕೇಳಿ ತೆಗೆದುಕೊಂಡೆ. ಕೇಳದಿದ್ದರೆ ಅದನ್ನು ಯಾರೂ ಕೊಡುವುದಿಲ್ಲ. ನೀರಿನ ವಿಭಾಗದ ಕೇಸ್ ವರ್ಕರ್ ಒಳ್ಳೆಯ ಮನುಷ್ಯ, ಆದರೆ ಅವರ ಮೇಜಿನ ಮೇಲೆ ಒಂದೇ ದಾರ ಕಟ್ಟಿದ ಕಟ್ಟಿನಲ್ಲಿ ನಲ್ಲಿ ಅರ್ಜಿ, ರಸ್ತೆ ಅಗೆಯುವ ಅರ್ಜಿ, ಕೇಬಲ್ ಎಳೆಯುವ ಅರ್ಜಿ, ಮೊಬೈಲ್ ಟವರ್ ಅರ್ಜಿ ಎಲ್ಲ ಇದ್ದವು.

‘ಇದೆಲ್ಲ ಒಟ್ಟಿಗೆ ಯಾಕೆ ಸಾರ್?’ ಅಂದೆ.

‘ರಸ್ತೆ ಅಗೆಯೋದೆಲ್ಲ ನನಗೇ ಬರೋದು. ಟವರ್‌ಗೂ ಅಗೆಯಬೇಕಲ್ಲ’ ಅಂದರು.

ಆ ಕಟ್ಟಿನಲ್ಲಿ ನನ್ನ ಫೈಲಿನ ಕೆಳಗಿದ್ದ ಫೈಲಿನ ಮೇಲೆ ಟ್ಯಾಂಕ್ ಗುಡ್ಡ ಅಂತ ಬರೆದಿತ್ತು. ಕುತ್ತಿಗೆ ಉದ್ದ ಮಾಡಿ ನೋಡಿದೆ. ಒಂದು ಟೆಲಿಕಾಂ ಕಂಪನಿ ಟ್ಯಾಂಕಿನ ಛಾವಣಿ ಮೇಲೆ ಆಂಟೆನಾ ಕೂರಿಸಲು ಕೇಳಿತ್ತು. ಅಂದರೆ ನಾನು ಒಟಿಪಿ ಹಿಡಿಯಲು ನಿಲ್ಲುವ ಗೋಡೆಯ ನೇರ ಮೇಲೆ.

ಮನೆಗೆ ಬರುವ ದಾರಿಯಲ್ಲಿ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನೀರಿಗೂ ಎತ್ತರದ ಜಾಗ ಬೇಕು, ಸಿಗ್ನಲ್‌ಗೂ ಎತ್ತರದ ಜಾಗ ಬೇಕು. ಊರಲ್ಲಿ ಎತ್ತರದ ಜಾಗ ಇರುವುದು ಒಂದೇ. ಮತ್ತೆ ಆ ಎತ್ತರದ ಬುಡದಲ್ಲೇ ಮನೆ ಇರುವ ನಮಗೆ ಎರಡೂ ಇಲ್ಲ.

ಜೂನಿಯರ್ ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬಂದದ್ದು ಮಾರ್ಚ್‌ನಲ್ಲಿ, ಹೂಮಳೆ ಬಿದ್ದ ಒಂಬತ್ತನೇ ದಿನ. ಎಲ್ಲ ತೋಟದಲ್ಲೂ ಕಾಫಿ ಹೂ ಬಿಳಿಯಾಗಿ ನಿಂತಿತ್ತು, ಮಲ್ಲಿಗೆಯಂಥ ಆ ವಾಸನೆಗೆ ತಲೆ ಸುತ್ತುವ ಹಾಗೆ. ಚಿಕ್ಕ ವಯಸ್ಸಿನ ಹುಡುಗಿ, ಬಯಲುಸೀಮೆಯವರು. ಜೊತೆಗೆ ನೀರು ಬಿಡುವ ಅಣ್ಣ, ಅವರ ಹೆಗಲ ಮೇಲೆ ಸುತ್ತಿದ ಬಿಳಿ ಪ್ಲಾಸ್ಟಿಕ್ ಟ್ಯೂಬ್. ಗಾರೆ ಕೆಲಸದವರು ಲೆವೆಲ್ ನೋಡಲು ಇಟ್ಟುಕೊಳ್ಳುವ ಅದೇ ಟ್ಯೂಬ್. ನಾನು ಏನೋ ದೊಡ್ಡ ಯಂತ್ರ ತರುತ್ತಾರೆ ಅಂದುಕೊಂಡಿದ್ದೆ.

ಟ್ಯಾಂಕಿನ ತಳದ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಟ್ಯೂಬಿನಲ್ಲಿ ನೀರು ತುಂಬಿ ಒಂದು ತುದಿಯನ್ನು ಆ ಗೆರೆಗೆ ಹಿಡಿದರು, ಇನ್ನೊಂದು ತುದಿ ನನ್ನ ಕೈಯಲ್ಲಿ. ಒಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ ಅಂತ ಅಣ್ಣ ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಓಡಿಸಿದರು. ಎರಡೂ ತುದಿಯಲ್ಲಿ ನೀರು ತೂಗಿ, ಅತ್ತಿತ್ತ ಆಡಿ, ನಿಂತಿತು. ನನ್ನ ತುದಿಯಲ್ಲಿ ನೀರು ನಿಂತ ಮಟ್ಟಕ್ಕೆ ಒಂದು ಸಿಲ್ವರ್ ಮರದ ಮೇಲೆ ಗೆರೆ. ಅಲ್ಲಿಂದ ಟೇಪ್ ಇಳಿಸಿ ಕೆಳಗೆ ಇನ್ನೊಂದು ಗೆರೆ, ಎಷ್ಟು ಇಳಿಯಿತು ಅಂತ ಪುಸ್ತಕದಲ್ಲಿ ಬರೆಯುವುದು. ಆ ಗೆರೆಯಿಂದ ಮುಂದಿನ ಮರ. ಹೀಗೆ ಮರದಿಂದ ಮರಕ್ಕೆ, ಮೆಣಸಿನ ಬಳ್ಳಿ ಸರಿಸಿಕೊಂಡು, ಒಂಬತ್ತು ಸಲ. ಕೊನೆಗೆ ನಮ್ಮ ಗೇಟಿನ ಕಂಬ.

‘ನಾಲ್ಕು ಮೀಟರ್ ಇಪ್ಪತ್ತು ಸೆಂಟಿ’ ಅಂದರು ಎಂಜಿನಿಯರ್.

ನನಗೆ ಖುಷಿಯಾಯಿತು. ಟ್ಯಾಂಕಿಗಿಂತ ನಾವು ಕೆಳಗೆ ಇದ್ದೇವೆ, ಇನ್ನೇನು ಬೇಕು? ಅವರ ಮುಖದಲ್ಲಿ ಖುಷಿ ಇರಲಿಲ್ಲ.

‘ಸಾರ್, ಹತ್ತು ಮೀಟರ್ ಇಳಿದರೆ ಒಂದು ಕೆ.ಜಿ. ಪ್ರೆಶರ್ ಬರುತ್ತೆ. ನಿಮಗೆ ಅರ್ಧ ಕೆ.ಜಿ.ನೂ ಇಲ್ಲ. ಕೇಂದ್ರದ ಹಳೆಯ ಕೈಪಿಡಿ ಪ್ರಕಾರವೇ ಒಂದಂತಸ್ತಿನ ಮನೆಗೂ ಏಳು ಮೀಟರ್ ಬೇಕಿತ್ತು, ಎರಡಂತಸ್ತಿಗೆ ಹನ್ನೆರಡು. ನಾನು ಆಗುತ್ತೆ ಅಂತ ಹೇಗೆ ಬರೀಲಿ?’

ನೀರು ಬಿಡುವ ಅಣ್ಣ ಇನ್ನೂ ನೇರವಾಗಿ ಹೇಳಿದರು. ನಮ್ಮ ರಸ್ತೆಯಲ್ಲಿ ಹೋಗುವ ಎರಡಿಂಚಿನ ಲೈನ್ ಕೆಳಗಿನ ಹದಿನಾಲ್ಕು ಮನೆಗೆ ಹೋಗುತ್ತದೆ. ನಾವು ಆ ಲೈನಿನ ತಲೆಯಲ್ಲಿ ಇದ್ದೇವೆ. ಮೊದಲ ಮನೆ, ಹಾಗಾಗಿ ಮೊದಲ ನೀರು ಅಂತ ನಾನು ಅಂದುಕೊಂಡಿದ್ದೆ. ಆಗೋದು ಉಲ್ಟಾ. ಕೆಳಗಿನವರು ನಾಲ್ಕು ಜನ ನಲ್ಲಿ ತಿರುಗಿಸಿದರೆ ನೀರೆಲ್ಲ ಜಾರಿ ಅಲ್ಲಿಗೆ ಹೋಗುತ್ತದೆ, ನಮ್ಮ ನಲ್ಲಿ ಬುಸ್ ಅಂತ ಗಾಳಿ ಎಳೆಯುತ್ತದೆ. ‘ನಿಮ್ಮ ನಲ್ಲೀಲಿ ನೀರು ಬರೋದಲ್ಲ, ಗಾಳಿ ಒಳಗೆ ಹೋಗೋದು’ ಅಂದರು. ಅವ್ವ ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದರು, ಅದಕ್ಕೇ ಏನೋ ಜಾಸ್ತಿ ಬೇಜಾರಾಯಿತು.

ವಾರ ಬಿಟ್ಟು ಹೋದಾಗ ಫೈಲಿನಲ್ಲಿ ಟಿಪ್ಪಣಿ ಬಿದ್ದಿತ್ತು: ಒತ್ತಡ ಸಾಲದ ಕಾರಣ ಸಂಪರ್ಕ ನೀಡಲು ತಾಂತ್ರಿಕವಾಗಿ ಸಾಧ್ಯವಿಲ್ಲ, ಮುಂದಿನ ಆದೇಶಕ್ಕಾಗಿ. ಈ ‘ಮುಂದಿನ ಆದೇಶಕ್ಕಾಗಿ’ ಅನ್ನುವ ಮಾತಿನ ಒಳಗೆ ಫೈಲುಗಳು ಹೋಗಿ ಮಲಗುತ್ತವೆ. ನಾನು ಮೂರು ಸಲ ಹೋದೆ. ಮುಖ್ಯಾಧಿಕಾರಿಗಳು ಮಡಿಕೇರಿಯಲ್ಲಿ ಮೀಟಿಂಗ್. ಮುಖ್ಯಾಧಿಕಾರಿಗಳು ಚುನಾವಣೆ ಕೆಲಸದ ಟ್ರೈನಿಂಗ್. ಮುಖ್ಯಾಧಿಕಾರಿಗಳು ಇದ್ದಾರೆ, ಆದರೆ ಕರೆಂಟ್ ಇಲ್ಲ.

ಎಂಜಿನಿಯರ್ ಮೇಲೆ ನನಗೆ ಸಿಟ್ಟು ಬಂದಿತ್ತು, ಆಮೇಲೆ ಇಳಿಯಿತು. ಅವರು ಬರೆದದ್ದರಲ್ಲಿ ಸುಳ್ಳಿಲ್ಲ. ನಾಳೆ ನೀರು ಬಾರದಿದ್ದರೆ ನಾನೇ ಹೋಗಿ ಅವರ ಮೇಲೆ ದೂರು ಕೊಡುವವನು, ಅದು ಅವರಿಗೂ ಗೊತ್ತು. ದಾರಿ ತೋರಿಸಿದ್ದು ಮತ್ತೆ ನೀರು ಬಿಡುವ ಅಣ್ಣನೇ. ಪೇಟೆಯಲ್ಲಿ ಸಿಕ್ಕವರು, ‘ಎಂತ ಮಾಡಿದ್ರಿ?’ ಅಂದರು. ಏನೂ ಇಲ್ಲ ಅಂದೆ. ‘ಗೇಟಿನ ಹತ್ತಿರ ನೆಲದಲ್ಲಿ ಸಂಪು ಮಾಡಿ. ನೀರಿಗೆ ಇನ್ನೂ ನಾಲ್ಕಡಿ ಇಳಿಜಾರು ಸಿಗುತ್ತೆ. ಪ್ರೆಶರ್ ಕೇಳಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ. ಕೆಳಗಿನ ವಾಲ್ವ್ ಅರ್ಧ ತಿರುಗಿಸಿ ಇಪ್ಪತ್ತು ನಿಮಿಷ ಮೊದಲು ನಿಮಗೆ ತುಂಬಿಸೋದು ನನ್ನ ಕೆಲಸ.’

ಅಷ್ಟೇ. ತಾಂತ್ರಿಕವಾಗಿ ಸಾಧ್ಯವಿಲ್ಲದ್ದು ಬೇಕರಿ ಮುಂದೆ ಎರಡು ನಿಮಿಷದಲ್ಲಿ ಸಾಧ್ಯವಾಯಿತು.

ಮುಚ್ಚಳಿಕೆಯಲ್ಲಿ ಏನು ಬರೆದೆ ಅಂದರೆ: ಎರಡು ಸಾವಿರ ಲೀಟರಿನ ಸಂಪು ಕಟ್ಟಿಸುತ್ತೇನೆ. ಛಾವಣಿಗೆ ಏರಿಸುವ ಮೋಟಾರನ್ನು ಸಂಪಿನಿಂದ ಮಾತ್ರ ಎಳೆಯುತ್ತೇನೆ, ಲೈನಿಗೆ ನೇರ ಹಾಕುವುದಿಲ್ಲ. ಈ ಎರಡನೇ ಮಾತು ಮುಖ್ಯ. ನೇರ ಲೈನಿಗೆ ಮೋಟಾರು ಹಾಕಿದರೆ ಅಕ್ಕಪಕ್ಕದವರ ನೀರು ಕದ್ದಂತೆ, ಅದು ಎಲ್ಲರಿಗೂ ಗೊತ್ತು. ಆದರೆ ಅದರ ಜೊತೆಗೆ ಪೈಪಿನ ಸಣ್ಣ ಬಿರುಕಿನಲ್ಲಿ ಚರಂಡಿ ನೀರೂ ಒಳಗೆ ಎಳೆದುಕೊಳ್ಳುತ್ತದೆ ಅಂತ ಎಂಜಿನಿಯರ್ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಮಳೆಗಾಲದಲ್ಲಿ ಊರಿಗೇ ಹೊಟ್ಟೆ ಕೆಡುವುದರ ಹಿಂದೆ ಹೀಗೊಂದು ಮೋಟಾರು ಇದ್ದರೂ ಇರಬಹುದು.

ಏಪ್ರಿಲ್ ಸಭೆಗೆ ನನ್ನ ಫೈಲ್ ಹೋಯಿತು. ಟವರ್ ಫೈಲೂ ಅದೇ ಸಭೆಗೆ. ಅಜೆಂಡಾದಲ್ಲಿ ನನ್ನದು ಹದಿನಾಲ್ಕು, ಅದು ಹದಿನೈದು. ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಮೂರು ಗಂಟೆ ಹಂದಿ ಕಾಟ, ಸಂತೆ ಮಾಳದ ಕಸ, ಬೀದಿ ದೀಪ. ಹದಿನಾಲ್ಕು ಬಂದಾಗ ಮುಖ್ಯಾಧಿಕಾರಿ ಓದಿದರು, ಯಾರೋ ಒಬ್ಬರು ‘ಆಯ್ತು ಮಾಡಿಕೊಡಿ’ ಅಂದರು, ಮುಗಿಯಿತು. ನಲವತ್ತು ಸೆಕೆಂಡ್ ಆಗಿರಬಹುದು. ಐದು ತಿಂಗಳು ಓಡಾಡಿದ್ದಕ್ಕೆ ಸ್ವಲ್ಪವಾದರೂ ಜಗಳ ಆಗಬಾರದಿತ್ತಾ ಅಂತ ಅನಿಸಿತು.

ಜಗಳ ಆದದ್ದು ಹದಿನೈದಕ್ಕೆ.

ಒಬ್ಬ ಸದಸ್ಯರು ಎದ್ದು ನಿಂತು, ಕುಡಿಯುವ ನೀರಿನ ಮೇಲೆ ಟವರ್ ಕೂರಿಸಿದರೆ ನೀರಿಗೆ ರೇಡಿಯೇಷನ್ ಹತ್ತಲ್ವಾ ಅಂತ ಕೇಳಿದರು. ಇನ್ನೊಬ್ಬರು ಜೇನು ಹೋಗುತ್ತೆ, ಕಾಫಿ ಹೂ ಕಟ್ಟಲ್ಲ ಅಂದರು. ಮೂರನೆಯವರು, ಆಗಸ್ಟ್‌ನಲ್ಲಿ ಕರೆಂಟ್ ಹೋಗಿ ಮೂರು ದಿನ ಫೋನ್ ಇಲ್ಲದೆ ಕೂತಿದ್ವಲ್ಲ, 2018ರಲ್ಲಿ ಗುಡ್ಡದ ಬರೆ ಕುಸಿದಾಗ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗದೆ ಅತ್ತಿದ್ವಲ್ಲ, ಆಗ ಟವರ್ ಬೇಕು ಅಂದವರು ನೀವೇ ಅಲ್ವಾ ಅಂತ ಮೇಜು ಕುಟ್ಟಿದರು. ಆ ಮಾತಿಗೆ ಸ್ವಲ್ಪ ಹೊತ್ತು ಸಭೆ ತಣ್ಣಗಾಯಿತು. ಆ ವರ್ಷದ ಆಗಸ್ಟ್ ಅಂದರೆ ನಮ್ಮ ಕಡೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ.

ರೇಡಿಯೇಷನ್ ಭಯದ ಬಗ್ಗೆ ನನ್ನದೊಂದು ಮಾತು. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್‌ನಿಂದ ಟವರ್ ಹೊರಸೂಸುವ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ಅನುಮಾನ ಇದ್ದರೆ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಮನೆ ಹತ್ತಿರ ಅಳೆಸಬಹುದು. ನೀರಿಗೆ ಅದು ‘ಹತ್ತಿ’ ಕೂರುವ ವಸ್ತು ಅಲ್ಲ. ಇದನ್ನು ನಾನು ಹಿಂದಿನ ಬೆಂಚಿನಿಂದ ಎದ್ದು ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ನನ್ನ ಹದಿನಾಲ್ಕನೇ ನಂಬರ್ ಆಗಷ್ಟೇ ಪಾಸಾಗಿತ್ತು, ಯಾರಿಗೂ ಬೇಜಾರು ಮಾಡುವ ಧೈರ್ಯ ಇರಲಿಲ್ಲ.

ಆದರೆ ಟ್ಯಾಂಕಿನ ಮೇಲೆ ಬೇಡ ಅನ್ನುವುದಕ್ಕೆ ನಿಜವಾದ ಕಾರಣಗಳಿದ್ದವು, ಅವನ್ನು ಹೇಳಿದ್ದು ಅದೇ ಜೂನಿಯರ್ ಎಂಜಿನಿಯರ್. ಟ್ಯಾಂಕಿನ ಛಾವಣಿಯ ಸ್ಲ್ಯಾಬು ಮಳೆ ತಡೆಯಲಿಕ್ಕೆ ಹಾಕಿದ್ದು, ಕಂಬ ನಿಲ್ಲಿಸಲಿಕ್ಕೆ ಅಲ್ಲ. ಅದಕ್ಕೆ ಬೋಲ್ಟ್ ಹೊಡೆದರೆ ಜೂನ್‌ನಲ್ಲಿ ಮೇಲಿನ ನೀರು ಒಳಗೆ ಇಳಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಂಟೆನಾ ರಿಪೇರಿಗೆ ಬಂದವರು ಹೊತ್ತಲ್ಲದ ಹೊತ್ತಿನಲ್ಲಿ ಕುಡಿಯುವ ನೀರಿನ ಮುಚ್ಚಳದ ಮೇಲೆ ಓಡಾಡುತ್ತಾರೆ. ಜನರೇಟರಿನ ಡೀಸೆಲ್ ಎಲ್ಲಿಡುತ್ತೀರಿ? ಸಿಡಿಲಿಗೆ ಅರ್ತಿಂಗ್ ಗುಂಡಿ ಎಲ್ಲಿ ತೋಡುತ್ತೀರಿ, ಪೈಪಿನ ಪಕ್ಕದಲ್ಲಾ? ‘ಗುಡ್ಡದಲ್ಲಿ ಜಾಗ ಇದೆ, ಟ್ಯಾಂಕಿನಿಂದ ಮೂವತ್ತು ಮೀಟರ್ ಬಿಟ್ಟು ನೆಲದ ಮೇಲೆ ಕಟ್ಟಲಿ’ ಅಂದರು. ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಸ್ಪಷ್ಟವಾಗಿ ಮಾತಾಡುವವರನ್ನು ನಾನು ಆ ಕಟ್ಟಡದಲ್ಲಿ ಬೇರೆ ನೋಡಿಲ್ಲ.

ಅಧ್ಯಕ್ಷರು ‘ಮುಂದಿನ ಸಭೆಗೆ ಇಡೋಣ’ ಅಂದರು. ಆಗ ಮುಖ್ಯಾಧಿಕಾರಿ ಗಂಟಲು ಸರಿ ಮಾಡಿಕೊಂಡು ಹೇಳಿದ್ದನ್ನು ಕೇಳಿ ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. 2025ರ ಜನವರಿ 1ರಿಂದ ಟೆಲಿಕಾಂಗೆ ಹೊಸ ನಿಯಮ ಬಂದಿದೆ. ಪಂಚಾಯಿತಿ ಇಂತಿಷ್ಟು ದಿನದೊಳಗೆ ಒಪ್ಪಿಗೆ ಕೊಡಬೇಕು, ಇಲ್ಲ ಕಾರಣ ಬರೆದು ನಿರಾಕರಿಸಬೇಕು. ಸುಮ್ಮನೆ ಇಟ್ಟುಕೊಂಡರೆ ಒಪ್ಪಿಗೆ ಕೊಟ್ಟ ಹಾಗೆ.

ಅಂದರೆ ಟವರ್ ಫೈಲ್ ಸುಮ್ಮನಿದ್ದರೆ ಒಪ್ಪಿಗೆ. ನಲ್ಲಿ ಫೈಲ್ ಸುಮ್ಮನಿದ್ದರೆ ಸುಮ್ಮನೆ. ನನಗೆ ಇರುವುದು ಸಕಾಲ, ತಡವಾದರೆ ದಿನಕ್ಕೆ 20 ರೂಪಾಯಿ, ಎಷ್ಟೇ ತಡವಾದರೂ 500 ರೂಪಾಯಿ ಮೀರುವಂತಿಲ್ಲ. ಅದನ್ನೂ ನಾನೇ ಹೋಗಿ ಕೇಳಬೇಕು. ನನಗೂ ಟವರ್ ಬೇಕು, ಅದು ಬೇಗ ಆಗಲಿ ಅಂತಲೇ ನಾನೂ ಕಾಯುತ್ತಿರುವುದು. ಆದರೂ ಅವತ್ತು ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆ ದಿನಗಳ ಲೆಕ್ಕಕ್ಕೆ ಹೆದರಿ ಸಭೆ ಅಲ್ಲೇ ತೀರ್ಮಾನ ಮಾಡಿತು: ಛಾವಣಿ ಮೇಲೆ ಆಗದು, ಕಾರಣ ಹೀಗೆ ಹೀಗೆ, ನೆಲದ ಮೇಲೆ ಜಾಗ ಗುರುತಿಸಿ ಹೊಸ ನಕ್ಷೆ ಕೊಟ್ಟರೆ ಪರಿಶೀಲಿಸಲಾಗುವುದು.

ಮೇ ಮೊದಲ ವಾರ ನನ್ನ ಹೆಸರಿನಲ್ಲಿ ಚಲನ್ ಬಂತು. ಠೇವಣಿ, ಕನೆಕ್ಷನ್ ಶುಲ್ಕ, ರಸ್ತೆ ಅಗೆದದ್ದಕ್ಕೆ, ಮೀಟರಿಗೆ. ಸಂಪಿನ ಖರ್ಚು ಬಿಟ್ಟು ಎಲ್ಲ ಸೇರಿ ಹನ್ನೊಂದು ಸಾವಿರದ ಚಿಲ್ಲರೆ ಆಯಿತು. ಆನ್‌ಲೈನ್‌ನಲ್ಲಿ ಕಟ್ಟಬಹುದಿತ್ತು. ಅದಕ್ಕೆ ಒಟಿಪಿ ಬೇಕು, ಅವ್ವನಿಗೆ ಅವತ್ತು ಮಂಡಿ ನೋವು. ಬ್ಯಾಂಕಿಗೇ ಹೋಗಿ ಕಟ್ಟಿದೆ. ಮಳೆ ಶುರುವಾದರೆ ರಸ್ತೆ ಅಗೆಯಲು ಬಿಡುವುದಿಲ್ಲ, ಮತ್ತೆ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದವರೆಗೆ ಕಾಯಬೇಕು ಅಂತ ಅಣ್ಣ ಮೊದಲೇ ಹೆದರಿಸಿದ್ದರು.

ಮೇ ಮೂರನೇ ವಾರ, ಆಕಾಶ ಕಪ್ಪಾಗಿದ್ದ ಒಂದು ಮಧ್ಯಾಹ್ನ ಪ್ಲಂಬರ್ ಬಂದರು. ಕೇರಳದವರು, ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ. ರಸ್ತೆಯನ್ನು ಎರಡಡಿ ಆಳ ಅಗೆದಾಗ ಕೆಂಪು ಮಣ್ಣಿನಲ್ಲಿ ಹಳೆಯ ಜಿಐ (ಸತು ಲೇಪದ ಕಬ್ಬಿಣ) ಪೈಪ್ ಕಾಣಿಸಿತು, ಮೇಲೆಲ್ಲ ತುಕ್ಕಿನ ಹೊಪ್ಪಳೆ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿದರು. ಎರಡು ತುಂಡಿನ ಕ್ಲ್ಯಾಂಪ್ ಅನ್ನು ಕೆಳಗಿನಿಂದ ಒಂದು, ಮೇಲಿನಿಂದ ಒಂದು ತಬ್ಬಿಸಿ, ಮಧ್ಯೆ ರಬ್ಬರ್ ಇಟ್ಟು ಬೋಲ್ಟ್ ಬಿಗಿದರು. ಮೇಲೆ ಇದ್ದ ತೂತಿನ ಮೂಲಕ ಕೈ ಡ್ರಿಲ್. ಅಣ್ಣ ಮೇಲೆ ವಾಲ್ವ್ ಮುಚ್ಚಿ ಬಂದಿದ್ದರು, ಆದರೂ ಪೈಪಿನಲ್ಲಿ ಉಳಿದ ನೀರು ಡ್ರಿಲ್ ಒಳಗೆ ನುಗ್ಗಿದ ಕೂಡಲೇ ಚಿಮ್ಮಿ ಪ್ಲಂಬರ್ ಮುಖಕ್ಕೆ ಹೊಡೆಯಿತು. ಅವರು ಕಣ್ಣು ಮುಚ್ಚಿಕೊಂಡೇ ಮನೆಯ ಪೈಪನ್ನು ಲೈನಿಗೆ ಸೇರಿಸುವ ಹಿತ್ತಾಳೆಯ ಫೆರೂಲನ್ನು ಕೈಯಲ್ಲಿ ತಡಕಿ, ನೂಲು ಸುತ್ತಿದ್ದ ಅದನ್ನು ತೂತಿಗೆ ಕೂರಿಸಿ ತಿರುಗಿಸಿದರು. ನೀರು ನಿಂತಿತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಅಷ್ಟೇ ಆ ಫೆರೂಲು. ಹುತ್ತರಿಯಿಂದ ಮೇವರೆಗೆ ನಾನು ಓಡಾಡಿದ್ದು ಇದಕ್ಕೆ.

ಮೊದಲ ನೀರು ಬಂದದ್ದು ಮರುದಿನ. ಮೊದಲು ಗಾಳಿ ಕೆಮ್ಮಿತು, ಆಮೇಲೆ ಟೀ ಬಣ್ಣದ ನೀರು, ಹತ್ತು ನಿಮಿಷ ಬಿಟ್ಟ ಮೇಲೆ ತಿಳಿ. ಬ್ಲೀಚಿಂಗ್ ವಾಸನೆ ಗಾಢವಾಗಿತ್ತು. ಅಣ್ಣ ಜೇಬಿನಿಂದ ಸಣ್ಣ ಗಾಜಿನ ನಳಿಕೆ ತೆಗೆದು ನೀರು ಹಿಡಿದು ಎರಡು ಹನಿ ಔಷಧಿ ಹಾಕಿ ತೋರಿಸಿದರು. ತೆಳು ಹಳದಿ. ‘ಹಳದಿ ಬಂದರೆ ಕ್ಲೋರಿನ್ ಇದೆ, ಕುಡೀಬಹುದು’ ಅಂದರು. ಅವ್ವ ಕುಡಿಯಲಿಲ್ಲ. ಬಾವಿಯ ನೀರಿನಲ್ಲೇ ಕಾಫಿ ಮಾಡಿ ಅವರಿಗೂ ಕೊಟ್ಟರು.

ಟವರ್ ವಿಷಯ ಕೇಳುತ್ತೀರಿ ಅಂತ ಗೊತ್ತು. ಹೊಸ ನಕ್ಷೆ ಬಂತು, ಒಪ್ಪಿಗೆಯೂ ಸಿಕ್ಕಿತು. ಟ್ಯಾಂಕಿನಿಂದ ಆ ಕಡೆ ನಾಲ್ಕು ಗುಂಡಿ ತೋಡಿದರು, ಕಬ್ಬಿಣದ ಪಂಜರ ಇಳಿಸಿದರು, ಅಷ್ಟರಲ್ಲಿ ಮಳೆ ಹಿಡಿಯಿತು. ಈಗ ಗುಂಡಿಗಳಲ್ಲಿ ನೀರು ತುಂಬಿ ಕಪ್ಪೆ ಕೂಗುತ್ತವೆ. ಕೆಲಸ ಮತ್ತೆ ಶುರುವಾಗುವುದು ಮಳೆ ನಿಂತ ಮೇಲೆ. ನನ್ನ ಒಟಿಪಿ ಗೋಡೆ ಅಲ್ಲೇ ಇದೆ, ಈಗ ಕೊಡೆ ಹಿಡಿದು ನಿಲ್ಲುತ್ತೇನೆ.

ನೀರು ದಿನ ಬಿಟ್ಟು ದಿನ ಬರುತ್ತದೆ. ಬಿಡುವ ಮೊದಲು ಅಣ್ಣ ಎಲ್ಲರಿಗೂ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಸಂಪಿನ ವಾಲ್ವ್ ತೆರೆದಿಡಲಿ ಅಂತ. ನಮಗೆ ಕಾಲ್ ಬರುವುದಿಲ್ಲವಲ್ಲ. ಮೊದಲ ವಾರ ಎರಡು ಸಲ ನೀರು ತಪ್ಪಿಹೋಯಿತು. ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಮೇಲಿನ ವಾಲ್ವ್ ಗುಂಡಿಯಲ್ಲಿ ಬಗ್ಗಿ, ಸ್ಪ್ಯಾನರಿನಲ್ಲಿ ಪೈಪಿಗೆ ಎರಡೇಟು ಹಾಕುತ್ತಾರೆ. ಹಳೆ ಕಬ್ಬಿಣ, ಚೆನ್ನಾಗಿ ಕೇಳುತ್ತದೆ. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ನಮ್ಮ ಮೀಟರ್ ಪೆಟ್ಟಿಗೆಯೊಳಗೆ ಟಣ್ ಟಣ್ ಅನ್ನುತ್ತದೆ, ಅವ್ವ ಒಳಗಿಂದಲೇ ‘ಬಂತು, ಏಳು’ ಅಂತ ಕೂಗುತ್ತಾರೆ.